ಇನ್ನೂರು ಗ್ರಾಂ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬೆಳಗಿನ ನಾಲ್ಕೂವರೆಗೆ
ನಾನು ತೂಕದ ಯಂತ್ರದ ಮುಸುಕು ತೆಗೆಯುವಾಗ
ಸಮೀವುಲ್ಲಾ ಆಗಲೇ ಬಂದು ನಿಂತಿರುತ್ತಿದ್ದ,
ಪ್ಲಾಸ್ಟಿಕ್ ಅಂಗಿಯೊಳಗೆ ಬೆಂದು,
ತುಟಿ ಒಡೆದು, ಎಂಜಲು ನುಂಗಲೂ ಲೆಕ್ಕ ಹಾಕುತ್ತ.
‘ಮುನಿನಂಜಣ್ಣ, ಮೊದಲು ನನ್ನ ಲಾಟು.’

ಚಡ್ಡಿಯಲ್ಲಿ ಹತ್ತಿ ನಿಲ್ಲುವನು, ಉಸಿರು ಬಿಗಿಹಿಡಿದು.
ಉಸಿರಿಗೂ ತೂಕವಿದೆಯೆಂದು ನಂಬಿದ್ದ.
ಅರವತ್ತೆರಡು ನಾನೂರು.
ಇಳಿದು ಮತ್ತೆ ಅಮ್ಮನಕೆರೆ ಕಟ್ಟೆಯತ್ತ ಓಟ.

ಹನ್ನೊಂದು ವರ್ಷ, ಹದಿನಾರು ಕಾದಾಟ,
ಒಂಬತ್ತು ಗೆದ್ದ, ಏಳು ಸೋತ.
ಪೇಪರಿನಲ್ಲಿ ಒಂದೇ ಸಲ ಬಂದ,
ಕರಾಟೆ ಪಟು ಶಫೀವುಲ್ಲಾ ಎಂದು.
ಮನೆಯಲ್ಲಿ ಕುಸ್ತಿ ಎಂದಿದ್ದ,
ಹೆಣ್ಣು ಕೊಟ್ಟ ಮಾವನಿಗೆ ಜಿಮ್ ಮಾಸ್ತರು.
ನನಗೆ ಮಾತ್ರ ಹೇಳಿದ:
‘ಪಂಜರ ಅಣ್ಣ. ಹೊರಗಿನಿಂದ ಚಿಲಕ ಹಾಕ್ತಾರೆ.
ಆ ಸದ್ದು ಕೇಳಿದ್ಮೇಲೇ ನನಗೆ ಹೆದರಿಕೆ ಹೋಗೋದು.’

ಅವನ ತಾಯಿ ರಹಮತ್‌ಬೀ
ಕುದಿನೀರಿನ ಬೇಸಿನ್ನಿಗೆ ಕೈಬಿಟ್ಟು
ಗೂಡಿನ ಎಳೆಯ ತುದಿ ಹುಡುಕಿ ಹುಡುಕಿ
ಬೆರಳ ಗೆರೆಗಳೇ ಕರಗಿಹೋದವು.
ರೇಷನ್ ಅಂಗಡಿಯ ಯಂತ್ರ ಅವಳನ್ನು ಒಪ್ಪುವುದಿಲ್ಲ,
ಮತ್ತೊಮ್ಮೆ ಒತ್ತಿ, ಮತ್ತೊಮ್ಮೆ ಒತ್ತಿ.
ಮಗನ ಕಿವಿ ಜಜ್ಜಿ ಜಜ್ಜಿ ಮುದ್ದೆಯಾಗಿತ್ತು.
ಫೋನು ಎಡಕ್ಕೇ ಹಿಡಿಯಬೇಕು.

ಆ ಸಲ ಕಾದಾಟ ಬೆಂಗಳೂರಿನಲ್ಲೇ,
ತೂಕ ಹತ್ತು ಗಂಟೆಗೆ.
ನನ್ನ ಯಂತ್ರ ಅರವತ್ತೊಂದು ಎಂದಿತು, ಸೊನ್ನೆ ಸೊನ್ನೆ ಸೊನ್ನೆ.
ನನ್ನ ಕೈ ಹಿಡಿದು ಅಲ್ಲಾಡಿಸಿ ಬಸ್ಸು ಹತ್ತಿದ.
ಅಲ್ಲಿಯ ಯಂತ್ರ ಅರವತ್ತೊಂದು ಇನ್ನೂರು ಎಂದಿತು.
ಒಂದು ಗಂಟೆ ಸಮಯ ಕೊಟ್ಟರಂತೆ.
ಬಾತ್‌ರೂಮಿನಲ್ಲಿ ಬಿಸಿನೀರು ಬಿಟ್ಟುಕೊಂಡು ಕೂತನಂತೆ,
ಬರಲು ಬೆವರೇ ಉಳಿದಿರಲಿಲ್ಲ.
ದುಡ್ಡಿನಲ್ಲಿ ಐದನೆಯ ಒಂದು ಪಾಲು ಎದುರಾಳಿಗೆ ಹೋಯಿತು.
ಮೂರನೆಯ ಸುತ್ತಿನಲ್ಲಿ ಬೆನ್ನೇರಿದ ಹುಡುಗನ ತೋಳು ಕತ್ತಿಗೆ ಬಿಗಿದು
ಇವನ ಕೈ ಮೂರು ಸಲ ತಟ್ಟಿತು.

ನನ್ನ ಯಂತ್ರ ಇನ್ನೂರು ಗ್ರಾಂ ತಿನ್ನುತ್ತಿತ್ತು.
ಜಾಲರಿಗೆ ಇನ್ನೂರು,
ರೈತನ ಲೆಕ್ಕದಿಂದ ಕದ್ದು ರೀಲರುಗಳ ಲೆಕ್ಕಕ್ಕೆ,
ನನ್ನ ಬೀಡಿಗಿಷ್ಟು.
ಮನುಷ್ಯನನ್ನೂ ತಿನ್ನುತ್ತದೆಂದು ಹೊಳೆದಿರಲಿಲ್ಲ.
ಸುಳ್ಳು. ಹೊಳೆದಿತ್ತು.
ಅವನು ನಗುತ್ತಿದ್ದ, ಬಸ್ಸು ಹೊರಟಿತ್ತು,
ಹೇಳಿದರೆ ಊರಿಗೆಲ್ಲ ಹೇಳಿದಂತೆ.

ರಂಜಾನ್ ಕಳೆದ ಮೇಲೆ ಹೇಳಿದೆ, ಚಹಾದಂಗಡಿಯಲ್ಲಿ.
ಹುಬ್ಬಿನ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ.
ಲೋಟ ಕೆಳಗಿಟ್ಟು ಬೆರಳು ಮಡಚತೊಡಗಿದ:
‘ಅಮ್ಮ ದಿನಕ್ಕೆ ನಾಲ್ಕು ಜಾಲರಿ ಕೊಳ್ಳೋಳು...
ಮೂವತ್ತು ವರ್ಷ...’
ಲೆಕ್ಕ ನಡುವೆ ನಿಂತಿತು.
‘ನನ್ನನ್ನ ಸಾಕಿದ್ದೇ ಅದಲ್ವೇನಣ್ಣ.’
ಬಯ್ಯಲಿಲ್ಲ. ಚಹಾದ ಕಾಸು ಅವನೇ ಕೊಟ್ಟ.
ಆಮೇಲೆ ಎರಡು ವರ್ಷ ಬೇರೆ ದಾರಿಯಲ್ಲಿ ಓಡಿದ.

ಈಗ ತಾಯಿಯ ಶೆಡ್ಡಿನಲ್ಲಿ ಬೇಸಿನ್ನುಗಳಿಲ್ಲ, ಮ್ಯಾಟು ಹಾಸಿದ್ದಾನೆ.
ಸತ್ತ ಹುಳದ ವಾಸನೆ ಗೋಡೆ ಬಿಟ್ಟು ಹೋಗಿಲ್ಲ.
ಹನ್ನೆರಡು ಮಕ್ಕಳು, ಮಳ್ಳೂರಿನಿಂದ ಇಬ್ಬರು ಹುಡುಗಿಯರು.
ಮೊದಲ ದಿನ ಏಟು ಕಲಿಸುವುದಿಲ್ಲ, ತಟ್ಟುವುದನ್ನು ಕಲಿಸುತ್ತಾನೆ.
‘ಕಣ್ಣು ಕತ್ತಲೆ ಬರೋ ಮುಂಚೆ ತಟ್ಟು.
ನೆಲಕ್ಕಾಗಲಿ, ಅವನ ಮೈಗಾಗಲಿ.
ತಟ್ಟಿದವನು ನಾಳೆ ಬರ್ತಾನೆ.’
ಹನ್ನೆರಡು ಕೈ ಒಟ್ಟಿಗೆ ಮ್ಯಾಟಿಗೆ ಬಡಿದಾಗ
ಬೀದಿಯಲ್ಲಿ ಹೋಗುವವರು ತಿರುಗಿ ನೋಡುತ್ತಾರೆ.

ಹೋದ ವಾರ ಹೇಳಿಕಳಿಸಿದ.
ಮಕ್ಕಳಿಗೆಂದು ಹೊಸ ತೂಕದ ಯಂತ್ರ ತಂದಿದ್ದ.
ಮಾರುಕಟ್ಟೆ ಬಿಟ್ಟು ವರ್ಷವಾದರೂ
ಐದು ಕಿಲೋ ಬೊಟ್ಟು ನನ್ನ ಮನೆಯಲ್ಲೇ ಉಳಿದಿತ್ತು.
ಒಯ್ದೆ. ಇಟ್ಟೆ. ಐದು ಎಂದಿತು.
‘ಸರಿಯಾಗಿದೆ’ ಎಂದೆ.

ಸಮಿ ತಲೆಯಾಡಿಸಿದ.
ಬೊಟ್ಟು ಎತ್ತಿ, ಯಂತ್ರ ಸೊನ್ನೆಗೆ ಬರುವವರೆಗೂ ಕಾದು,
ತಾನೇ ಇನ್ನೊಮ್ಮೆ ಇಟ್ಟ.